ಸ್ಟಾರ್ಟ್ ಆಗದ ಬೈಕ್‌ಗೆ ಒಂದು ಮಲ್ಟಿಮೀಟರ್: 6 ವರ್ಷ ಬಳಸಿದ ಮೇಲೆ

ಬೈಕ್ ಸ್ಟಾರ್ಟ್ ಆಗ್ತಿಲ್ಲ ಅಂದ ಕೂಡಲೇ ಸುತ್ತ ನಿಂತವರು ಹೇಳುವ ಮೊದಲ ಮಾತು "ಬ್ಯಾಟರಿ ಹೋಗಿರಬೇಕು". ಎರಡನೆಯದು "ಪ್ಲಗ್ ಬದಲಾಯಿಸಿ ನೋಡಿ". ನಾನೂ ಅದನ್ನೇ ನಂಬಿ ಹೊಸ ಬ್ಯಾಟರಿ ಹಾಕಿಸಿದ್ದೆ. ಮೂರು ವಾರ ಗಾಡಿ ಚೆನ್ನಾಗಿ ಓಡಿತು. ಆಮೇಲೆ ಒಂದು ಬೆಳಿಗ್ಗೆ ಸೆಲ್ಫ್ ಒತ್ತಿದರೆ ಸೀಟಿನ ಕೆಳಗಿಂದ ಬರೀ "ಟಕ್" ಅನ್ನುವ ಸದ್ದು. ಹೆಡ್‌ಲೈಟ್ ಉರಿಯುತ್ತಿದೆ, ಹಾರ್ನ್ ಜೋರಾಗಿದೆ, ಎಂಜಿನ್ ಮಾತ್ರ ತಿರುಗುತ್ತಿಲ್ಲ. ಮತ್ತೆ ದುಡ್ಡು ಸುರಿಯುವ ಮೊದಲು ಏನಾಗಿದೆ ಅಂತ ಗೊತ್ತಾಗಬೇಕಿತ್ತು. ಆ ವಾರವೇ ಈ ಮೀಟರ್ ಕೊಂಡೆ.

ಇದು ತೀರಾ ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಅಂದರೆ ವೋಲ್ಟ್, ಕರೆಂಟ್, ತಡೆ ಅಳೆಯುವ ಸಾಧನ. ನಡುವೆ ತಿರುಗಿಸುವ ಗುಂಡಿ, ಕೆಳಗೆ ಮೂರು ತೂತು, ಒಂದು ಕೆಂಪು ಒಂದು ಕಪ್ಪು ವೈರು, ಒಳಗೆ 9 ವೋಲ್ಟಿನ ಚೌಕ ಬ್ಯಾಟರಿ. ಇಂಥದ್ದನ್ನು ಹತ್ತಾರು ಕಂಪನಿಗಳು ಮಾಡುತ್ತವೆ, ಒಳಗಿನ ಕೆಲಸ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಹೆಸರಿನ ಗೊಡವೆಗೆ ಹೋಗುತ್ತಿಲ್ಲ. ಬೈಕಿಗೆ ನನಗೆ ಬೇಕಾಗಿರುವುದು ಮೂರೇ ಜಾಗ: ಬ್ಯಾಟರಿ ವೋಲ್ಟೇಜ್ ಅಳೆಯಲು 20 ವೋಲ್ಟ್ ಡಿಸಿ, ತಡೆ ಅಳೆಯಲು 200 ಓಮ್, ದಾರಿ ತುಂಡಾಗದೆ ಇದ್ದರೆ ಬೀಪ್ ಹೊಡೆಯುವ ಕಂಟಿನ್ಯುಟಿ. ಅಪರೂಪಕ್ಕೆ 20 ಕಿಲೋ ಓಮ್.

ಆ ದಿನದ ಕಥೆ ಹೇಳುತ್ತೇನೆ, ಯಾಕೆಂದರೆ ಮೀಟರ್ ಹಿಡಿಯುವುದನ್ನು ನಾನು ಕಲಿತದ್ದೇ ಅದರಿಂದ. ಬ್ಯಾಟರಿ ಮೇಲೆ ಇಟ್ಟೆ. 12.7 ತೋರಿಸಿತು. ತುಂಬಿದ ಬ್ಯಾಟರಿ ಸುಮ್ನೆ ಕೂತಿದ್ದಾಗ ಇಷ್ಟೇ ಇರಬೇಕು. 12.4 ಇದ್ದರೆ ಸ್ವಲ್ಪ ಖಾಲಿಯಾಗಿದೆ, 12ರ ಹತ್ತಿರ ಇಳಿದಿದ್ದರೆ ಮೊದಲು ಚಾರ್ಜ್ ಮಾಡಬೇಕು, ಮಿಕ್ಕ ಮಾತೆಲ್ಲ ಆಮೇಲೆ. ನಂದು ಸರಿ ಇತ್ತು. ತಮ್ಮ ಪಕ್ಕದಲ್ಲೇ ನಿಂತಿದ್ದ. "ಅಣ್ಣಾ, ಬ್ಯಾಟರಿ ಸರಿ ಇದೆ ಅಂದ್ರೆ ಎಂಜಿನ್ ತಿರುಗಿಸೋ ಸೆಲ್ಫ್ ಮೋಟರ್ ಹೋಗಿದೆ, ಬಿಚ್ಚೋಣ ಬಾ" ಅಂದ.

ಅವನಿಗೆ ಸೆಲ್ಫ್ ಒತ್ತೋಕೆ ಹೇಳಿ ನಾನು ಮೀಟರ್ ನೋಡುತ್ತಾ ಕೂತೆ. ಒತ್ತಿದಾಗಲೂ ಬ್ಯಾಟರಿ 12.4ರಲ್ಲೇ ನಿಂತಿತ್ತು. ವಿಚಿತ್ರ ಅಲ್ವಾ? ಮೋಟರ್ ತಿರುಗಲು ಹೊರಟಿದ್ದರೆ ಅದು ಕರೆಂಟನ್ನು ಜಗ್ಗಿ ಎಳೆಯಬೇಕು, ಬ್ಯಾಟರಿ 10, 11ಕ್ಕೆ ಇಳಿಯಬೇಕು. ಇಳಿಯುತ್ತಿಲ್ಲ ಅಂದರೆ ದಾರಿಯಲ್ಲಿ ಎಲ್ಲೋ ತಡೆ ಇದೆ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಮೇಲೇ ಬಿಟ್ಟು, ಕೆಂಪನ್ನು ಎಂಜಿನ್ನಿನ ಪೇಂಟ್ ಇಲ್ಲದ ಬೋಲ್ಟಿಗೆ ಒತ್ತಿ ಹಿಡಿದೆ. ಎರಡೂ ಒಂದೇ ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ, ಅಲ್ಲಿ ಅರ್ಧ ವೋಲ್ಟ್ ಕೂಡ ಕಾಣಬಾರದು. ತಮ್ಮ ಸೆಲ್ಫ್ ಒತ್ತಿದ. ಮೀಟರ್ 9 ದಾಟಿತು!

ಬ್ಯಾಟರಿಯ ಶಕ್ತಿಯೆಲ್ಲ ಆ ಒಂದು ಅರ್ಥ್ ವೈರಿನಲ್ಲೇ ಸತ್ತುಹೋಗುತ್ತಿತ್ತು. ವೈರು ಎಂಜಿನ್ನಿಗೆ ಸೇರುವ ಬೋಲ್ಟ್ ಬಿಚ್ಚಿದೆ. ಹಿತ್ತಾಳೆಯ ಉಂಗುರದ ಕೆಳಗೆ ಹಸಿರು ಮಿಶ್ರಿತ ಬಿಳಿ ಪುಡಿ, ಉಗುರಿನಲ್ಲಿ ಕೆರೆದರೆ ಉದುರುವ ಹಾಗೆ ಕಟ್ಟಿತ್ತು. ಉಪ್ಪು ಕಾಗದ ಹಾಕಿ ಉಂಗುರವನ್ನೂ ಅದು ಕೂರುವ ಜಾಗವನ್ನೂ ಹೊಳೆಯುವ ತನಕ ಉಜ್ಜಿ ಬಿಗಿ ಮಾಡಿದೆ. ಸೆಲ್ಫ್ ಮುಟ್ಟಿದ ಕೂಡಲೇ ಎಂಜಿನ್ ಎದ್ದಿತು. ಹಳೆಯ ಬ್ಯಾಟರಿಗೂ ಏನೂ ಆಗಿರಲಿಲ್ಲ. ಹೊಸದರ ಬಲಕ್ಕೆ ಮೂರು ವಾರ ಹೇಗೋ ತಳ್ಳಿತ್ತು, ಅಷ್ಟೇ. ಹಳೇದನ್ನು ಹಾಗೇ ಕೊಟ್ಟು ಬಂದದ್ದು ಇವತ್ತಿಗೂ ನನಗೆ ಹೊಟ್ಟೆ ಉರಿಸುತ್ತದೆ.

ಈ ಮೀಟರ್ ಬಗ್ಗೆ ನಾನು ಎಲ್ಲರಿಗೂ ಹೇಳುವುದು ಇದೇ. ಸುಮ್ನೆ ನಿಂತ ಬೈಕಿನ ಮೇಲೆ ಇಟ್ಟು ನೋಡಿದರೆ ಅರ್ಧ ಸುಳ್ಳೇ ಕಾಣುತ್ತದೆ. ಹತ್ತು ಎಳೆಯಲ್ಲಿ ಒಂಬತ್ತು ಎಳೆ ಹರಿದ ವೈರು ಕೂಡ ಕೆಲಸ ಇಲ್ಲದಾಗ 12.6 ತೋರಿಸುತ್ತದೆ, ಯಾಕೆಂದರೆ ಮೀಟರ್ ತನಗೆ ಅಂತ ಎಳೆದುಕೊಳ್ಳುವ ಕರೆಂಟ್ ಏನೂ ಇಲ್ಲ ಅನ್ನುವಷ್ಟು ಕಮ್ಮಿ. ಸೆಲ್ಫ್ ಒತ್ತಿಸಿ, ಲೈಟ್ ಹಾಕಿಸಿ, ಭಾರ ಬಿದ್ದಾಗಲೇ ಅಳೆಯಬೇಕು. ಒತ್ತಿದಾಗ ಬ್ಯಾಟರಿ 9.5ಕ್ಕಿಂತ ಕೆಳಗೆ ಕುಸಿದರೆ ತಪ್ಪು ಬ್ಯಾಟರಿಯದ್ದೇ ಇರುವ ಸಾಧ್ಯತೆ ಜಾಸ್ತಿ. ಗಟ್ಟಿಯಾಗಿ ನಿಂತು ಮೋಟರ್ ಮಾತ್ರ ತಿರುಗದಿದ್ದರೆ ವೈರು, ರಿಲೇ (ಸೆಲ್ಫ್ ಒತ್ತಿದಾಗ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್), ಮೋಟರ್ ಕಡೆ ಹೋಗಿ.

ಇಲ್ಲಿ ಈ ಮೀಟರಿನ ಒಂದು ಕೊರತೆ. ಅಂಕಿ ಬದಲಾಗುವುದು ಸೆಕೆಂಡಿಗೆ ಎರಡೋ ಮೂರೋ ಸಲ. ಎಂಜಿನ್ ಬೇಗ ಎದ್ದುಬಿಟ್ಟರೆ ವೋಲ್ಟೇಜ್ ಎಷ್ಟಕ್ಕೆ ಇಳಿದಿತ್ತು ಅಂತ ಕಣ್ಣಿಗೆ ಸಿಗುವುದಿಲ್ಲ. ನಾನು ಮೀಟರನ್ನು ಸೀಟಿನ ಮೇಲೆ ಇಟ್ಟು ಫೋನಿನಲ್ಲಿ ವಿಡಿಯೋ ತೆಗೆದು, ಆಮೇಲೆ ನಿಲ್ಲಿಸಿ ನಿಲ್ಲಿಸಿ ನೋಡುತ್ತೇನೆ. ಕೆಳಮಟ್ಟದ ಅಂಕಿಯನ್ನು ನೆನಪಿಟ್ಟುಕೊಳ್ಳುವ ಮೀಟರ್‌ಗಳೂ ಇವೆ. ಇನ್ನೊಂದು ಕೊಳ್ಳುವ ಹೊತ್ತು ಬಂದರೆ ಅಂಥದ್ದೇ ತಗೊಳ್ತೇನೆ.

ಫ್ಯೂಸ್ ನೋಡಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ತಮ್ಮನ ಬೈಕ್ ಫ್ಯುಯಲ್ ಇಂಜೆಕ್ಷನ್‌ನದು. ಕೀ ತಿರುಗಿಸಿದಾಗ ಟ್ಯಾಂಕಿನೊಳಗಿಂದ ಎರಡು ಮೂರು ಸೆಕೆಂಡ್ "ಜುಯ್" ಅನ್ನುವ ಪಂಪಿನ ಸದ್ದು ಬರಬೇಕು. ಒಂದು ದಿನ ಅದು ಬರಲಿಲ್ಲ. ಎಂಜಿನ್ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದು ನೋಡಿದ್ದ, ಚೆನ್ನಾಗೇ ಇದೆ ಅಂತಿದ್ದ. ಆ ಚಪ್ಪಟೆ ಫ್ಯೂಸುಗಳ ತಲೆಯ ಮೇಲೆ ಎರಡು ಚಿಕ್ಕ ಲೋಹದ ಚುಕ್ಕೆ ಇರುತ್ತವೆ, ಕೀಳದೆಯೇ ಅಳೆಯಬಹುದು. ಕೀ ಆನ್ ಮಾಡಿ ಒಂದು ಚುಕ್ಕೆಗೆ ಇಟ್ಟರೆ 12.5, ಇನ್ನೊಂದಕ್ಕೆ 0. ಕಾಲಿನ ಹತ್ತಿರ ಕೂದಲೆಳೆಯಷ್ಟು ಬಿರುಕು ಇತ್ತು, ಕಣ್ಣಿಗೆ ಕಾಣುವಂಥದ್ದಲ್ಲ. ಹೊಸ ಫ್ಯೂಸ್ ಹಾಕುವಾಗ ಅಷ್ಟೇ ಆಂಪಿಯರಿನದ್ದು ಹಾಕಿ. 10 ಇದ್ದಲ್ಲಿ 20 ಹಾಕಿದರೆ ಮುಂದಿನ ಸಲ ಸುಡುವುದು ವೈರು.

ಸೈಡ್ ಸ್ಟ್ಯಾಂಡ್ ಸ್ವಿಚ್, ಕ್ಲಚ್ ಸ್ವಿಚ್, ಕಿಲ್ ಸ್ವಿಚ್ ಮೂರನ್ನೂ ಬೀಪ್‌ನಲ್ಲಿ ಎರಡು ನಿಮಿಷಕ್ಕೆ ನೋಡಿಬಿಡಬಹುದು. ಕೆಸರು ತುಂಬಿದ ಸೈಡ್ ಸ್ಟ್ಯಾಂಡ್ ಸ್ವಿಚ್ ಕೈಕೊಡುವುದು ಹೊಸತಲ್ಲ.

ಇನ್ನು ಕಾಯಿಲ್ ವಿಷಯ. ಬಿಸಿಯಾದಾಗ ನಿಂತು, ಅರ್ಧ ಗಂಟೆ ತಣ್ಣಗಾದ ಮೇಲೆ ತಾನಾಗೇ ಸ್ಟಾರ್ಟ್ ಆಗುವ ಕಾಯಿಲೆ ನನ್ನ ಬೈಕಿಗೆ ನಾಲ್ಕನೇ ವರ್ಷ ಬಂತು. ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ನೋಡಿದರೆ ಬಿಸಿಯಲ್ಲಿ ಕಿಡಿಯೇ ಇಲ್ಲ. ಕಿಡಿ ಯಾವಾಗ ಹಾರಬೇಕು ಅಂತ ಸೂಚನೆ ಕೊಡುವ ಪಲ್ಸರ್ ಕಾಯಿಲನ್ನು ತಣ್ಣಗಿದ್ದಾಗ ಅಳೆದರೆ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಓಮ್ ಬಂತು. ಅಲ್ಲಿಗೇ ಬಿಟ್ಟಿದ್ದರೆ ನಾನು ಸಿಡಿಐ, ಅಂದರೆ ಕಿಡಿ ಹೊಡೆಸುವ ಎಲೆಕ್ಟ್ರಾನಿಕ್ ಡಬ್ಬಿ, ಕೊಂಡು ಬರುತ್ತಿದ್ದೆ. ಗಾಡಿ ಓಡಿಸಿ, ಅದು ನಿಂತ ಜಾಗದಲ್ಲೇ ಕನೆಕ್ಟರ್ ಬಿಚ್ಚಿ ಮತ್ತೆ ಅಳೆದೆ. ಪರದೆಯ ಎಡತುದಿಯಲ್ಲಿ ಬರೀ "1". ಅಂದರೆ ಒಳಗಿನ ತಂತಿ ಬಿಸಿಗೆ ಬಿಟ್ಟುಕೊಂಡಿದೆ. ಇಪ್ಪತ್ತು ನಿಮಿಷ ರಸ್ತೆಬದಿಯಲ್ಲೇ ಕೂತು ನೋಡುತ್ತಿದ್ದೆ. ಎಂಜಿನ್ ತಣ್ಣಗಾಗುತ್ತಾ ಬಂದ ಹಾಗೆ ಅಂಕಿ ತಟಕ್ಕನೆ ವಾಪಸ್ ಬಂತು. ಅವತ್ತು ಈ ಮೀಟರ್ ಮೇಲೆ ಹುಟ್ಟಿದ ಪ್ರೀತಿ ಇನ್ನೂ ಹೋಗಿಲ್ಲ.

ಇದರಿಂದ ಆಗದ ಕೆಲಸವೂ ಇವೆ. ಪ್ಲಗ್ ವೈರಿನ ತುದಿಗೆ ಮೀಟರ್ ಹಿಡಿದು ಕಿಡಿ ಅಳೆಯಲು ಹೋಗಬೇಡಿ, ಅಲ್ಲಿ ಬರುವುದು ಸಾವಿರಾರು ವೋಲ್ಟ್. ಕಿಡಿ ನೋಡುವಾಗ ಪ್ಲಗ್ಗಿನ ಮೈ ಎಂಜಿನ್ನಿಗೆ ಗಟ್ಟಿಯಾಗಿ ತಾಗಿರಲಿ, ಪೆಟ್ರೋಲ್ ಚೆಲ್ಲಿದ ಜಾಗದಿಂದ ದೂರ ಇರಲಿ. ಕಿಡಿ ಚೆನ್ನಾಗಿದ್ದು ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಕಟ್ಟಿರಬಹುದು, ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಚಿರಬಹುದು. ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿಯಾಗಿ ಓವರ್‌ಫ್ಲೋ. ಇದಕ್ಕೆಲ್ಲ ಮೂಗು, ಕಣ್ಣು, ಕೈ ಬೇಕು.

ಆರು ವರ್ಷದಲ್ಲಿ ಮೀಟರಿನದ್ದೇ ತೊಂದರೆ ಎರಡು. ಮೂರನೇ ವರ್ಷ ಕೆಂಪು ವೈರು ಕಡ್ಡಿಯ ಕುತ್ತಿಗೆಯಲ್ಲಿ ಒಳಗೇ ಹರಿದಿತ್ತು. ಬಗ್ಗಿಸಿದರೆ ಒಮ್ಮೆ ಬೀಪ್, ಒಮ್ಮೆ ಇಲ್ಲ. ಅವತ್ತಿನಿಂದ ಯಾವುದನ್ನೇ ಅಳೆಯುವ ಮೊದಲು ಎರಡೂ ಕಡ್ಡಿ ತಾಗಿಸಿ ಬೀಪ್ ಕೇಳಿಸಿಕೊಳ್ಳುತ್ತೇನೆ. ಎರಡನೆಯದು ಇನ್ನೂ ಕೆಟ್ಟದ್ದು. ನಿಂತ ಬ್ಯಾಟರಿ 14.1 ತೋರಿಸಿತು. ಎಂಜಿನ್ ಓಡುವಾಗ ಚಾರ್ಜಿಂಗ್ 16 ದಾಟಿತು. ಅದು 14, 14.5ರ ಆಸುಪಾಸು ಇರಬೇಕು. ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಸುಟ್ಟಿತು ಅಂತ ಗಾಬರಿ ಬಿದ್ದೆ. ನಿಜವಾಗಿ ಖಾಲಿಯಾಗಿದ್ದದ್ದು ಮೀಟರ್ ಒಳಗಿನ 9 ವೋಲ್ಟ್ ಬ್ಯಾಟರಿ. ಅದು ಬಳಲಿದಾಗ ಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ನಿಂತ ಬ್ಯಾಟರಿ 13.5 ದಾಟಿದರೆ ಮೊದಲು ಮೀಟರನ್ನೇ ಅನುಮಾನಿಸಿ. ಇದು ತಾನಾಗಿ ಆಫ್ ಆಗುವುದಿಲ್ಲ, ಗುಂಡಿ ತಿರುಗಿಸಿ ಆಫ್ ಮಾಡಲೇಬೇಕು.

ಒಂದು ಎಚ್ಚರಿಕೆ. ಕೆಂಪು ವೈರನ್ನು 10 ಆಂಪಿಯರ್ ತೂತಿನಲ್ಲಿ ಹಾಕಿ ಮರೆತು ಬ್ಯಾಟರಿಗೆ ಇಟ್ಟರೆ ನೇರ ಶಾರ್ಟ್. ಕಡಿಮೆ ಬೆಲೆಯ ಎಷ್ಟೋ ಮೀಟರ್‌ಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ. ನಾನು ಅದರ ಮೇಲೆ ಟೇಪ್ ಅಂಟಿಸಿ ಮುಚ್ಚಿಬಿಟ್ಟಿದ್ದೇನೆ.

ಮೀಟರ್ ಬೆನ್ನಿಗೂ ಒಂದು ಬಿಳಿ ಟೇಪ್ ಇದೆ. ಬೈಕ್ ಆರೋಗ್ಯವಾಗಿದ್ದಾಗ ತೆಗೆದ ಅಂಕಿಗಳನ್ನು ಅದರ ಮೇಲೆ ಬರೆದಿದ್ದೇನೆ: ನಿಂತಾಗ 12.7, ಸೆಲ್ಫ್ ಒತ್ತಿದಾಗ 10.9, ಓಡುವಾಗ 14.2. ಕೊಂಡ ದಿನವೇ ಇದನ್ನು ಮಾಡಿಟ್ಟುಕೊಳ್ಳಿ. ಹೋದ ವಾರ ನೋಡಿದೆ, ಸೆಲ್ಫ್ ಒತ್ತಿದಾಗ 10.1. ಗಾಡಿ ಇನ್ನೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿದೆ. ಆದರೆ ಬ್ಯಾಟರಿಗೂ ಆರು ವರ್ಷ ಆಯಿತು. ಮುಂದಿನ ತಿಂಗಳು ಬದಲಾಯಿಸುತ್ತಿದ್ದೇನೆ.