ಆರು ಮನೆ, ಮೂರು ಸಲ: ಸ್ವಂತ ಕಾರು, ಬಸ್ಸು-ರೈಲು, ಬಾಡಿಗೆ ಕಾರು

ನಮ್ಮ ನೆಂಟರೆಲ್ಲ ಒಂದೊಂದು ದಿಕ್ಕಿಗೆ ಇದ್ದಾರೆ. ನಾವು ಮೈಸೂರಿನಲ್ಲಿ. ಮೈದುನ ಹಾಸನದಲ್ಲಿ, ಅಕ್ಕ ಪುತ್ತೂರಿನ ಹತ್ತಿರ ತೋಟದ ಮನೆಯಲ್ಲಿ, ಅಕ್ಕನ ಮಗಳು ಕುಂದಾಪುರದಲ್ಲಿ, ನಮ್ಮವರ ಸೋದರತ್ತೆ ಶಿರಸಿಯಲ್ಲಿ, ಬೀಗರು ಧಾರವಾಡದಲ್ಲಿ, ನನ್ನ ತಮ್ಮ ದಾವಣಗೆರೆಯಲ್ಲಿ. ಇಬ್ಬರೂ ರಿಟೈರ್ ಆದಮೇಲೆ ಸಂಕ್ರಾಂತಿ ಕಳೆದ ಕೂಡಲೇ ಇಷ್ಟೂ ಮನೆ ಸುತ್ತಿ ಬರುವುದು ಅಂತ ಮಾಡಿಕೊಂಡೆವು. ಅಡಿಕೆ ಕೊಯ್ಲಿನ ಹೊತ್ತಿಗೆ ನೆಂಟರು ಬಂದರೆ ತೋಟದ ಮನೆಯವರಿಗೆ ಕಷ್ಟ, ಗೊತ್ತು. ಆದರೆ ಮಳೆಗಾಲದಲ್ಲಿ ಘಟ್ಟ ಇಳಿಯುವ ಧೈರ್ಯ ನಮಗಿಲ್ಲ.

2023ರಲ್ಲಿ ಸ್ವಂತ ಕಾರಿನಲ್ಲಿ ಹೋದೆವು. 2024ರಲ್ಲಿ ಬಸ್ಸು, ರೈಲು. 2025ರಲ್ಲಿ ಡ್ರೈವರ್ ಇರುವ ಬಾಡಿಗೆ ಕಾರು. ಮನೆಗಳು ಅವೇ, ದಾರಿಯೂ ಹೆಚ್ಚುಕಡಿಮೆ ಅದೇ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು, ಖರ್ಚು ಬರೆದಿಡದಿದ್ದರೆ ರಾತ್ರಿ ನಿದ್ದೆ ಬರಲ್ಲ. ಹಾಗಾಗಿ ಮೂರೂ ಸಲದ ಲೆಕ್ಕ ಪುಸ್ತಕದಲ್ಲಿದೆ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡುತ್ತೇನೆ. ಸ್ವಂತ ಕಾರಿನಲ್ಲಿ 12 ದಿನ, ಊರೊಳಗಿನ ಓಡಾಟ ಸೇರಿ 1,460 ಕಿ.ಮೀ. ಪೆಟ್ರೋಲು 8,800, ಟೋಲು 600 ಚಿಲ್ಲರೆ, ಒಂದು ಪಂಕ್ಚರ್. ಒಟ್ಟು 9,600 ರೂಪಾಯಿ. ಬಸ್ಸು-ರೈಲಿನಲ್ಲಿ 15 ದಿನ, ಆಟೋ ಸೇರಿ ಇಬ್ಬರಿಗೂ 4,600. ಬಾಡಿಗೆ ಕಾರಿನಲ್ಲಿ ಬರೀ 6 ದಿನ, 27,300. ದಿನ ಕಮ್ಮಿಯಾದಷ್ಟೂ ದುಡ್ಡು ಜಾಸ್ತಿ. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಸ್ವಂತ ಕಾರಿನ ದೊಡ್ಡ ಅನುಕೂಲ ಡಿಕ್ಕಿ. ದೊಡ್ಡ ತೊಂದರೆಯೂ ಅದೇ. ಕಾರು ತಂದಿದ್ದಾರೆ ಅಂತ ಗೊತ್ತಾದರೆ ಯಾರೂ ಬರಿಗೈಲಿ ಕಳಿಸಲ್ಲ. ಪುತ್ತೂರಿನಲ್ಲಿ ಅಕ್ಕ ಇಪ್ಪತ್ತು ತೆಂಗಿನಕಾಯಿ, ಎರಡು ಕಟ್ಟು ಹಲಸಿನ ಹಪ್ಪಳ, ಒಂದು ಬಾಳೆಗೊನೆ ತುಂಬಿಸಿದಳು. "ಅರ್ಧ ಕುಂದಾಪುರದಲ್ಲಿ ಇಳಿಸಿ ಹೋಗಿ" ಅಂದಳು. ಕುಂದಾಪುರದವರು ಇಳಿಸಿಕೊಂಡದ್ದಕ್ಕಿಂತ ಜಾಸ್ತಿ ಹತ್ತಿಸಿದರು. ಶಿರಸಿ ಅತ್ತೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಕೊಟ್ಟರು, ಬಾಯಿಗೆ ಬಟ್ಟೆ ಕಟ್ಟಿ. ಹುಬ್ಬಳ್ಳಿ ದಾಟುವ ಹೊತ್ತಿಗೆ ಅದು ವಾಲಿ, ರಸವೆಲ್ಲ ಸ್ಟೆಪ್ನಿ ಟೈರಿನ ಗುಂಡಿಗೆ ಇಳಿದಿತ್ತು. ಆ ವಾಸನೆ ಯುಗಾದಿವರೆಗೂ ಹೋಗಲಿಲ್ಲ. ನನಗೇನೋ ಹಿತವಾಗಿತ್ತು. ಇವರು ಮಾತ್ರ ಕಿಟಕಿ ಇಳಿಸಿಕೊಂಡೇ ಓಡಿಸುತ್ತಿದ್ದರು.

ಆದರೆ ಓಡಿಸುವವರ ಪಾಡು ಬೇರೆ. ನನಗೆ ಡ್ರೈವಿಂಗ್ ಬರಲ್ಲ. ಶಿರಾಡಿ ಘಾಟಿಯಲ್ಲಿ ಟ್ಯಾಂಕರುಗಳ ಹಿಂದೆ ಫಸ್ಟ್, ಸೆಕೆಂಡ್, ಮತ್ತೆ ಫಸ್ಟ್. ಅರವತ್ತಾರು ವರ್ಷದ ಎಡಮಂಡಿಗೆ ಕ್ಲಚ್ ಒತ್ತಿ ಒತ್ತಿ ಸಾಕಾಯಿತು. ಪುತ್ತೂರಿಗೆ ಮುಟ್ಟಿ, ಕೈಕಾಲು ತೊಳೆದು, ಕಾಫಿ ಕುಡಿದು ಮಲಗಿದವರು ಎದ್ದದ್ದು ರಾತ್ರಿ ಊಟಕ್ಕೆ. ಪ್ರತಿ ಮನೆಯಲ್ಲೂ ಇದೇ ಕಥೆ. ನೆಂಟರ ಜೊತೆ ಇವರು ಮಾತಾಡಿದ್ದಕ್ಕಿಂತ ಗೊರಕೆ ಹೊಡೆದದ್ದೇ ಜಾಸ್ತಿ. ಕತ್ತಲಾದಮೇಲೆ ಎದುರಿನ ಗಾಡಿಯ ಲೈಟು ಕಣ್ಣಿಗೆ ಹೊಡೆಯುತ್ತದೆ ಅಂತ ಸಂಜೆ ಐದಕ್ಕೆಲ್ಲ ಊರು ಸೇರಿಬಿಡಬೇಕು. ಅದಕ್ಕಾಗಿ ಬೆಳಿಗ್ಗೆ ಬೇಗ ಹೊರಡಬೇಕು. "ತಿಂಡಿ ತಿಂದು ಹೋಗಿ" ಅಂದರೆ ಇವರು ಆಗಲೇ ಕಾರಿನ ಗಾಜು ಒರೆಸುತ್ತಾ ನಿಂತಿರುತ್ತಿದ್ದರು.

ಇಷ್ಟಾದರೂ ಕಾರಿಲ್ಲದೆ ಆಗದ ಒಂದು ಕೆಲಸ ಶಿರಸಿಯಲ್ಲಿ ಆಯಿತು. ಅತ್ತೆಗೆ ಆಗ ಎಂಬತ್ತಾರು. ಅಂಗಳದಲ್ಲಿ ನಿಂತ ಕಾರನ್ನು ಒಮ್ಮೆ ನೋಡಿದರು, ನಮ್ಮನ್ನೊಮ್ಮೆ ನೋಡಿದರು. "ಕಾರಿದ್ದಲಾ, ಬನವಾಸಿಗೆ ಹೋಗಿ ಬಪ್ಪನ" ಅಂದರು. ಇಪ್ಪತ್ತಮೂರು ಕಿ.ಮೀ. ದೂರ ಅಷ್ಟೇ. ಆದರೆ ಅವರು ಬನವಾಸಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಬಸ್ಸಿನ ಮೆಟ್ಟಿಲು ಹತ್ತಲು ಆಗಲ್ಲ, ಮನೆಯ ಹುಡುಗರ ಬೈಕಿನಲ್ಲಿ ಕೂರಲು ಆಗಲ್ಲ. ಮುಂದಿನ ಸೀಟಿನಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು ಕರೆದುಕೊಂಡು ಹೋದೆವು. ಮಧುಕೇಶ್ವರನಿಗೆ ಕೈಮುಗಿದು, ಕಲ್ಲುಕಂಬಕ್ಕೆ ಒರಗಿ ಅರ್ಧ ಗಂಟೆ ಸುಮ್ನೆ ಕೂತರು. ವಾಪಸ್ ಬರುವಾಗ ದಾರಿಯಲ್ಲಿ ಯಾವ ತೋಟ ಯಾರದ್ದು, ಯಾರು ಯಾರಿಗೆ ಮಾರಿದರು, ಎಲ್ಲ ಹೇಳಿದರು. ಅವತ್ತು ಇವರು ಆಯಾಸ ಅನ್ನಲೇ ಇಲ್ಲ.

ಮುಂದಿನ ವರ್ಷ ಬಸ್ಸು-ರೈಲು ಅಂತ ಹಟ ಹಿಡಿದವಳು ನಾನು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿತ್ತಲ್ವಾ. ಮೈಸೂರಿನಿಂದ ಹಾಸನಕ್ಕೆ ಕೆಂಪು ಬಸ್ಸಿನಲ್ಲಿ ಆಧಾರ್ ತೋರಿಸಿ ಜೀರೋ ಟಿಕೆಟ್ ತಗೊಂಡೆ. ಇವರಿಗೆ ಹಿರಿಯ ನಾಗರಿಕರ 25% ರಿಯಾಯಿತಿ. ಕಂಡಕ್ಟರ್ ಎರಡೂ ಟಿಕೆಟ್ ಇವರ ಕೈಗೇ ಕೊಟ್ಟರು. ನನ್ನದನ್ನು ಇವರು ತಿರುಗಿಸಿ ತಿರುಗಿಸಿ ನೋಡಿದರು.

ಒಂದು ಮಾತು. ಈ ಜೀರೋ ಟಿಕೆಟ್ಟಿನ ಭರವಸೆಯಲ್ಲಿ ಕರಾವಳಿಗೆ ಇಳಿಯಬೇಡಿ. ಮಂಗಳೂರು, ಉಡುಪಿ, ಕುಂದಾಪುರದ ಕಡೆ ಓಡುವುದು ಬಹುಪಾಲು ಪ್ರೈವೇಟ್ ಬಸ್ಸು, ಅಲ್ಲಿ ನನಗೂ ಟಿಕೆಟ್. ರಾಜಹಂಸ, ಐರಾವತ ಹತ್ತಿದರೂ ಅಷ್ಟೇ.

ಹಾಸನದಿಂದ ಪುತ್ತೂರಿಗೆ ಹಗಲು ರೈಲು. ಇಳಿಯುವುದು ಕಬಕ ಪುತ್ತೂರು ಸ್ಟೇಷನ್ನಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 57 ಸುರಂಗ. ಎಣಿಸಿಯೇ ತೀರುತ್ತೇನೆ ಅಂತ ಕೂತೆ. ಮೂವತ್ತೊಂದನೆಯದರ ಕತ್ತಲಲ್ಲಿ ಇವರು "ಚಕ್ಕುಲಿ ಡಬ್ಬಿ ಎಲ್ಲಿ?" ಅಂದರು, ಲೆಕ್ಕ ತಪ್ಪಿತು. ಮೂವತ್ತು ವರ್ಷದಿಂದ ಶಿರಾಡಿ ಹತ್ತಿ ಇಳಿದ ಮನುಷ್ಯ ಆ ಕಾಡನ್ನು ನೋಡಿದ್ದು ಅವತ್ತೇ. ಸ್ಟೀರಿಂಗ್ ಹಿಡಿದವರಿಗೆ ಮುಂದಿನ ಲಾರಿಯ ನಂಬರ್ ಪ್ಲೇಟು ಬಿಟ್ಟು ಇನ್ನೇನು ಕಾಣುತ್ತದೆ?

ಕುಂದಾಪುರದಿಂದ ಕುಮಟಾವರೆಗೆ ಕೊಂಕಣ ರೈಲು. ಶಿರಸಿಗೆ ರೈಲಿಲ್ಲ, ಕುಮಟಾದಿಂದ ದೇವಿಮನೆ ಘಾಟಿ ಹತ್ತುವ ಬಸ್ಸೇ ಗತಿ. ಆ ತಿರುವುಗಳಲ್ಲಿ ಹಿಂದಿನ ಸೀಟು ಸಿಕ್ಕಿದರೆ ದೇವರೇ ಕಾಪಾಡಬೇಕು. ನನಗೆ ಸಿಕ್ಕಿತು. ಧಾರವಾಡದಿಂದ ದಾವಣಗೆರೆಗೆ ವಂದೇ ಭಾರತ್. ಹುಬ್ಬಳ್ಳಿ ಬಿಟ್ಟ ಎರಡು ಗಂಟೆಗೆ ದಾವಣಗೆರೆ. ಚೆನ್ನಾಗಿದೆ, ದುಬಾರಿ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ಹೋದದ್ದು ಹೋಯಿತು. ಲೋವರ್ ಬರ್ತ್ ಕೋಟಾ ಮಾತ್ರ ಇದೆ, ಗಂಡಸರಿಗೆ 60 ತುಂಬಿದ್ದರೆ, ಹೆಂಗಸರಿಗೆ 45. ದಾವಣಗೆರೆಯಿಂದ ಮೈಸೂರಿನ ರಾತ್ರಿ ರೈಲಿನಲ್ಲಿ ನಮಗಿಬ್ಬರಿಗೂ ಕೆಳಗಿನ ಬರ್ತೇ ಸಿಕ್ಕಿತು.

ಕಷ್ಟ ಇದ್ದದ್ದು ಮೆಟ್ಟಿಲುಗಳಲ್ಲಿ. ಒಂದು ಸ್ಟೇಷನ್ನಿನಲ್ಲಿ ಲಿಫ್ಟ್ ಕೆಟ್ಟಿತ್ತು. ಎರಡು ಬ್ಯಾಗು ಹಿಡಿದು ಮೇಲ್ಸೇತುವೆ ಹತ್ತಿದ್ದಕ್ಕೆ ಇವರ ಮಂಡಿ ಎರಡು ದಿನ ಊದಿಕೊಂಡಿತ್ತು. ಆಮೇಲೆ ಒಬ್ಬರಿಗೆ ಒಂದೇ ಬ್ಯಾಗು ಅಂತ ನಿಯಮ ಮಾಡಿದೆ. ಅಕ್ಕ ತೆಂಗಿನಕಾಯಿ ತಂದಿಟ್ಟಾಗ ಖಾಲಿ ಕೈ ತೋರಿಸಿದೆ. ಅವಳು ಒಂದು ದಿನ ಮುನಿಸಿಕೊಂಡಳು.

ಆದರೆ ನೆಂಟರ ಮನೆಯಲ್ಲಿ ನೆಂಟರ ಹಾಗೆ ಇದ್ದದ್ದು ಆ ಸಲವೇ. ನಾವು ಹೊರಡುವ ಹೊತ್ತನ್ನು ಬಸ್ಸು ತೀರ್ಮಾನ ಮಾಡುತ್ತಿತ್ತು. ಹನ್ನೊಂದರ ಬಸ್ಸು ತಪ್ಪಿತೋ, ಇನ್ನು ಎರಡಕ್ಕೆ. ಅಷ್ಟರಲ್ಲಿ ಊಟ. ಊಟ ಆದಮೇಲೆ "ಈಗೇನ್ ಹೋಗ್ತೀರಿ, ನಾಳೆ ಹೋಗ್ರಿ" ಅಂತ ಧಾರವಾಡದ ಬೀಗರು. ಎರಡು ರಾತ್ರಿಗೆ ಅಂತ ಹೋದವರು ನಾಲ್ಕು ರಾತ್ರಿ ಇದ್ದೆವು. ಬೀಗಿತ್ತಿ ರೊಟ್ಟಿ ಬಡಿಯುವುದನ್ನು ಕಲಿಸಿದರು. ನನ್ನ ರೊಟ್ಟಿ ಕರ್ನಾಟಕದ ನಕ್ಷೆಯ ಹಾಗಾಯಿತು, ಅದನ್ನೂ ತಿಂದರು. ಹಿಂದಿನ ವರ್ಷ ಅದೇ ಮನೆಯಲ್ಲಿ ನಾವು ಒಂದು ರಾತ್ರಿ ಇದ್ದು, ಪೇಡದ ಡಬ್ಬಿ ಹಿಡಿದು ಹೊರಟಿದ್ದೆವು.

ಅತ್ತೆ ಆ ಸಲವೂ ಅಂಗಳ ನೋಡಿದರು. ಕಾರಿರಲಿಲ್ಲ. ಏನೂ ಹೇಳಲಿಲ್ಲ.

ಅದಕ್ಕೇ ಮೂರನೇ ಸಲ ಬಾಡಿಗೆ ಕಾರು. ಓಡಿಸುವ ಕಷ್ಟ ಇಲ್ಲ, ಬ್ಯಾಗು ಹೊರುವ ಕಷ್ಟ ಇಲ್ಲ ಅಂದುಕೊಂಡೆವು. ಕಿ.ಮೀ.ಗೆ 13 ರೂಪಾಯಿ, ಡ್ರೈವರ್ ಬಾಟಾ ದಿನಕ್ಕೆ 500. ಇದರಲ್ಲಿ ಮುಖ್ಯ ಷರತ್ತು ಇನ್ನೊಂದು: ಗಾಡಿ ಓಡಲಿ ಬಿಡಲಿ, ದಿನಕ್ಕೆ ಕನಿಷ್ಠ 300 ಕಿ.ಮೀ. ಲೆಕ್ಕ. ತಿರುಪತಿಗೆ ಹೋಗಿ ಬರುವವರಿಗೆ ಇದು ಸರಿ. ನೆಂಟರ ಮನೆ ಸುತ್ತುವವರಿಗೆ ಸರಿಹೋಗಲ್ಲ. ಅಕ್ಕನ ಮನೆಯಲ್ಲಿ ಒಂದು ದಿನ ಸುಮ್ನೆ ಕೂತರೆ 3,900, ಮೇಲೆ ಬಾಟಾ 500. ಕೂತದ್ದಕ್ಕೆ 4,400 ರೂಪಾಯಿ! ಹಾಗಾಗಿ ಹನ್ನೆರಡು ದಿನದ ಸುತ್ತಾಟವನ್ನು ಆರಕ್ಕೆ ಇಳಿಸಿದೆವು. ಓಡಿದ್ದು 1,400 ಕಿ.ಮೀ., ಕೊಟ್ಟದ್ದು 1,800ರ ಲೆಕ್ಕ: 23,400, ಬಾಟಾ 3,000, ಟೋಲು ಮತ್ತು ಪಾರ್ಕಿಂಗ್ 900.

ಡ್ರೈವರ್ ಹುಡುಗ ಒಳ್ಳೆಯವನು, ಮಂಡ್ಯದ ಕಡೆಯವನು. ನಾಲ್ಕನೇ ದಿನ "ಅಮ್ಮಾ, ಎಲ್ಲಾದ್ರೂ ಮುದ್ದೆ ಸಿಕ್ತದಾ?" ಅಂತ ಕೇಳಿದ. ಶಿರಸಿಯಲ್ಲಿ ಎಲ್ಲಿಂದ ತರಲಿ? ಅವನಿಗೂ ಊಟ, ಹಾಸಿಗೆ, ಬಿಸಿನೀರು ಅಂತ ಪ್ರತಿ ಮನೆಯವರೂ ನೋಡಬೇಕಾಯಿತು. ಅವನು ಹೊರಗೆ ಕಾಯುತ್ತಿದ್ದಾನೆ ಅನ್ನುವ ಸಂಕಟ ನಮಗೆ ಬೇರೆ. ಇವರು ಗಳಿಗೆಗೊಮ್ಮೆ ವಾಚು ನೋಡುತ್ತಿದ್ದರು. ಅಕ್ಕ ಸೀರೆ ಸೆರಗಿಗೆ ಕೈ ಒರೆಸುತ್ತಾ ಕೇಳಿದಳು, "ಭಾವನ ಮೀಟರ್ ಓಡ್ತಾ ಇದೆಯಾ?"

ಬನವಾಸಿಗೇನೋ ಹೋದೆವು. ಹೋದದ್ದೂ ಬಂದದ್ದೂ ಒಂದೂವರೆ ಗಂಟೆ. ಅತ್ತೆ ಕಂಬಕ್ಕೆ ಒರಗಿ ಕೂರುವ ಮೊದಲೇ ಇವರು "ಹೊರಡೋಣ್ವಾ" ಅಂದರು. ನಾನು ಕಣ್ಣು ಬಿಟ್ಟೆ. ಆದರೂ ಎದ್ದೆವು, ಸಂಜೆಗೆ ಧಾರವಾಡ ಮುಟ್ಟಬೇಕಿತ್ತಲ್ಲ.

ಹಾಗಂತ ಬಾಡಿಗೆ ಕಾರು ಬೇಡವೇ ಬೇಡ ಅನ್ನಲ್ಲ. ಮದುವೆಗೋ ತಿಥಿಗೋ ಒಂದೇ ಮನೆಗೆ ಹೋಗಿ ಮರುದಿನ ಬರುವುದಾದರೆ, ಮಂಡಿನೋವು ಜಾಸ್ತಿ ಇದ್ದರೆ, ಅದೇ ಸರಿ. ಡ್ರೈವಿಂಗ್ ಇಬ್ಬರಿಗೂ ಬರುತ್ತದೆ, ಕಣ್ಣು ಚೆನ್ನಾಗಿದೆ ಅಂದರೆ ಸ್ವಂತ ಕಾರು ತಗೊಳ್ಳಿ. 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ, ಒಂದು ವರ್ಷ ಇಲ್ಲವೇ 200 ಟ್ರಿಪ್, ಯಾವುದು ಮೊದಲೋ ಅದು. ಬಂದಾಗ ಅದಕ್ಕೆ 3,000 ರೂಪಾಯಿ ಇತ್ತು. ನಮ್ಮವರು ಅದನ್ನು ತೋರಿಸಿ ಮತ್ತೆ ಸ್ವಂತ ಕಾರು ಅಂತ ರಾಗ ಎಳೆದರು. ಪುಸ್ತಕ ತೆಗೆದು ತೋರಿಸಿದೆ. ಹೆಜಮಾಡಿ, ಸಾಸ್ತಾನ, ಶಿರೂರು ಎಲ್ಲ ಸೇರಿ ನಾವು ಕೊಟ್ಟದ್ದೇ ಆರುನೂರು. ವರ್ಷಕ್ಕೊಮ್ಮೆ ಹೊರಡುವವರು ಮೂರು ಸಾವಿರ ಯಾಕೆ ಕೊಡಬೇಕು?

ನಾನು ಬಸ್ಸು-ರೈಲಿನ ಕಡೆಯೇ. ಒಂದೇ ತಿದ್ದುಪಡಿ. ಶಿರಸಿಯಲ್ಲಿ ಅರ್ಧ ದಿನಕ್ಕೆ ಅಲ್ಲಿಯ ಟ್ಯಾಕ್ಸಿ ಹಿಡಿಯುವುದು. ಅತ್ತೆಯ ಪಕ್ಕದ ಮನೆಯವರೇ ಒಬ್ಬರು ಓಡಿಸುತ್ತಾರಂತೆ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ 1,500. ಎಷ್ಟು ಹೊತ್ತು ಬೇಕಾದರೂ ಕಾಯುತ್ತೇನೆ, ಅಜ್ಜಿ ಗೊತ್ತು ಅಂದಿದ್ದಾರೆ.

ರೈಲು ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ. ಕ್ಯಾಲೆಂಡರಿನಲ್ಲಿ ತಾರೀಕಿಗೆ ಗುರುತು ಹಾಕಿದ್ದೇನೆ. ಇವರು ನಿನ್ನೆ ಕಾರಿನ ಟೈರಿಗೆ ಗಾಳಿ ಹಾಕಿಸಿಕೊಂಡು ಬಂದರು. ಯಾಕೆ ಅಂತ ನಾನು ಕೇಳಲಿಲ್ಲ.