ಸಿಗರೇಟಿಗೆ ದಂಡವೋ, ಬಿಟ್ಟವರಿಗೆ ಬಹುಮಾನವೋ?

ಸಿಗರೇಟು ಸೇದುವ ನೌಕರರಿಗೆ ದಂಡ ಹಾಕಬೇಕೋ, ಬಿಟ್ಟವರಿಗೆ ಬಹುಮಾನ ಕೊಡಬೇಕೋ, ಅಮೆರಿಕದ ನಿಮ್ಮ ಕಂಪನಿಗೆ ಯಾವುದು ಹೊಂದುತ್ತೆ ಅಂತ ಕೇಳಿದ್ದೀರಿ. ಖರ್ಚಿನ ಲೆಕ್ಕದಲ್ಲಿ ಸೇದುವವರಿಂದ ಆರೋಗ್ಯ ವಿಮೆಗೆ ಜಾಸ್ತಿ ಪ್ರೀಮಿಯಂ (ಕಂತು) ಹಿಡಿಯುವುದೇ ಸಲೀಸು, ದಂಡ ಅಂದರೆ ಅದೇ. ಆದರೆ ಆ ಹೆಚ್ಚುವರಿ ಹಣ ನೌಕರನೊಬ್ಬನ ವಿಮೆಯ ಒಟ್ಟು ವೆಚ್ಚದ 50% ದಾಟುವಂತಿಲ್ಲ. ಚಟ ಬಿಡಿಸುವ ತರಬೇತಿಯಂಥ ಬೇರೆ ದಾರಿಯನ್ನೂ ಕೊಡಲೇಬೇಕು. ಅದನ್ನು ಮುಗಿಸಿದವರು ಇನ್ನೂ ಸೇದುತ್ತಿದ್ದರೂ ಆ ವರ್ಷದ ದಂಡ ಮನ್ನಾ. ಎಷ್ಟೋ ಕಂಪನಿಗಳು ಎಡವಿ ಕೋರ್ಟು ಮೆಟ್ಟಿಲು ಹತ್ತಿದ್ದು ಇಲ್ಲೇ.

ಬಹುಮಾನದ ಪರಿಣಾಮ? 2009ರ ಅಧ್ಯಯನವೊಂದರಲ್ಲಿ 750 ಡಾಲರ್‌ವರೆಗೆ ಬಹುಮಾನವಿದ್ದ ಗುಂಪಿನಲ್ಲಿ 14.7% ಜನ ಸಿಗರೇಟು ಬಿಟ್ಟರು, ಇಲ್ಲದವರಲ್ಲಿ 5%.

ದಂಡಕ್ಕೆ ಹೆದರಿ ‘ಸೇದಲ್ಲ’ ಅಂತ ಬರೆದುಕೊಟ್ಟವರು ಸಹಾಯ ಕೇಳಲ್ಲ, ಅಲ್ವಾ? ನನಗೆ ಚಿಂತೆ ಅದೇ. ಕಡಿಮೆ ಸಂಬಳದವರೇ ಹೆಚ್ಚಿದ್ದರೆ ಬಹುಮಾನ ಕೊಡಿ. ಕೈಯಲ್ಲಿ ಹಣವಿಲ್ಲ, ತರಬೇತಿ ಮಾತ್ರ ಅಚ್ಚುಕಟ್ಟಾಗಿ ನಡೆಸಬಲ್ಲಿರಿ ಅಂದರೆ ಸಣ್ಣ ದಂಡ ಸಾಕು.