ಎರಡು ಡಿಸ್ಕ್, ಒಂದು ಟ್ಯಾಗ್, ತಂಗಿ ಮನೆಯ ಬೀರು: ನಾಲ್ಕು ವರ್ಷ ಬಳಸಿದ ಮೇಲೆ

ನಾನು ಮದುವೆ ಫೋಟೋ, ವಿಡಿಯೋ ಮಾಡುವವನು. ಊರು ಸಾಗರದ ಹತ್ತಿರ. 2021ರ ಡಿಸೆಂಬರ್‌ನಲ್ಲಿ ಆಲ್ಬಮ್ ಕೆಲಸಕ್ಕೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟಿದ್ದೆ. ಮೆಜೆಸ್ಟಿಕ್‌ನಲ್ಲಿ ಕಣ್ಣು ಬಿಟ್ಟರೆ ಕಾಲ ಬುಡದಲ್ಲಿದ್ದ ಬ್ಯಾಗ್ ಇಲ್ಲ. ಒಳಗೆ ಲ್ಯಾಪ್‌ಟಾಪ್ ಇತ್ತು, ಎರಡು ಮೆಮೊರಿ ಕಾರ್ಡ್ ಇತ್ತು. ಬ್ಯಾಕಪ್ ಇರಲಿಲ್ವಾ ಅಂತ ಕೇಳಬೇಡಿ. ಇತ್ತು. ಅದೇ ಬ್ಯಾಗಿನಲ್ಲಿತ್ತು.

ಹೋದದ್ದು ಹೊಸನಗರದ ಕಡೆಯ ಒಂದು ಮದುವೆ. ಮುಂಗಡ ವಾಪಸ್ ಕೊಡಲು ಹೋದಾಗ ಹುಡುಗಿಯ ಅಪ್ಪ ಬೈಯಲಿಲ್ಲ. ಕಾಫಿ ಕೊಟ್ಟರು. ಆಮೇಲೆ, "ದುಡ್ಡು ವಾಪಸ್ ಕೊಡ್ತೀಯ ಮಾರಾಯ, ಸರಿ. ಧಾರೆ ಮತ್ತೆ ಎರೆಯಕ್ಕಾಗುತ್ತಾ?" ಅಂದರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಅಲ್ಲಿಂದ ಮುಂದೆ ಕೈಯಿಂದ ದುಡ್ಡು ಹಾಕಿ ಏನೇನು ಕೊಂಡೆ, ಯಾವುದು ಉಪಯೋಗಕ್ಕೆ ಬಂತು, ಯಾವುದು ಡ್ರಾಯರ್ ಸೇರಿತು ಅನ್ನುವುದೇ ಈ ವಿಮರ್ಶೆ. ಒಂದೇ ವಸ್ತುವಿನ ವಿಮರ್ಶೆ ಅಲ್ಲ. ಇವು ಒಂದಕ್ಕೊಂದು ಜೋಡಿಯಾಗಿದ್ದರೆ ಮಾತ್ರ ಕೆಲಸಕ್ಕೆ ಬರುವ ಸಾಮಾನು.

ಮೊದಲು ಹಾರ್ಡ್ ಡಿಸ್ಕ್. 2 ಟಿಬಿಯ ಎರಡು ಪೋರ್ಟಬಲ್ ಡಿಸ್ಕ್, ಬೇರೆ ಬೇರೆ ಕಂಪನಿಯವು. ಒಂದೊಂದಕ್ಕೆ ಐದೂವರೆ ಸಾವಿರದ ಆಸುಪಾಸು. ಬೇರೆ ಕಂಪನಿ ಯಾಕೆ ಅಂದರೆ, ಒಂದೇ ಕಂಪನಿಯ ಒಂದೇ ಲಾಟ್ ಆದರೆ ಎರಡೂ ಒಟ್ಟಿಗೆ ಕೆಡುವ ಭಯ. ಕಂಪ್ಯೂಟರಿಗೆ ಹಾಕಿದಾಗ 2 ಟಿಬಿ ಬದಲು 1.81 ತೋರಿಸಿತು. ಮೋಸ ಅಂದುಕೊಂಡು ಅಂಗಡಿಗೆ ಫೋನ್ ಮಾಡಿದ್ದೆ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1,024ರ ಲೆಕ್ಕ ಹಿಡಿಯುತ್ತದೆ. ಅಷ್ಟೇ ವ್ಯತ್ಯಾಸ.

ಒಂದು ಡಿಸ್ಕ್ ನಮ್ಮ ಮನೆಯಲ್ಲಿ. ಇನ್ನೊಂದು ಶಿವಮೊಗ್ಗದಲ್ಲಿ, ತಂಗಿ ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ. ತಿಂಗಳಿಗೊಮ್ಮೆಯಾದರೂ ಶಿವಮೊಗ್ಗಕ್ಕೆ ಹೋಗುವುದು ಇದ್ದೇ ಇರುತ್ತದೆ. ಹೋಗುವಾಗ ಹೊಸ ಕೆಲಸ ತುಂಬಿದ ಡಿಸ್ಕ್ ಒಯ್ಯುತ್ತೇನೆ, ಬರುವಾಗ ಅಲ್ಲಿದ್ದದ್ದನ್ನು ತರುತ್ತೇನೆ. ದಾರಿಯಲ್ಲಿ ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದೇ ಡಿಸ್ಕ್. ಆ ಬ್ಯಾಗ್ ಹೋದರೂ ಇನ್ನೊಂದು ಎಲ್ಲೋ ಒಂದು ಕಡೆ ಇರುತ್ತದೆ. ಇದು ನನ್ನ ಬುದ್ಧಿಯಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಅನ್ನುವ 3-2-1 ಲೆಕ್ಕವನ್ನು ಜನಪ್ರಿಯ ಮಾಡಿದವರು ಪೀಟರ್ ಕ್ರೋಗ್ ಎಂಬ ಅಮೆರಿಕದ ಫೋಟೋಗ್ರಾಫರ್. ನಮ್ಮ ಕಸುಬಿನವರೇ. ಅವರಿಗೂ ಎಲ್ಲೋ ಒಂದು ಧಾರೆ ತಪ್ಪಿರಬೇಕು ಅಂತ ನನ್ನ ಊಹೆ.

ಎರಡನೇ ವರ್ಷದ ಮಳೆಗಾಲದಲ್ಲಿ ಒಂದು ಡಿಸ್ಕ್ ಕೆಟ್ಟಿತು. ಕಂಪನಿ ಹೆಸರು ಬೇಡ, ಎಲ್ಲರ ಡಿಸ್ಕೂ ಒಂದಲ್ಲ ಒಂದು ದಿನ ಕೆಡುತ್ತವೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಡಿಸ್ಕಿನ ಆರೋಗ್ಯ ತೋರಿಸುತ್ತದೆ. ಚೆನ್ನಾಗಿದ್ದರೆ ನೀಲಿ, ಅನುಮಾನ ಇದ್ದರೆ ಹಳದಿ, ಹೋಗಿದ್ದರೆ ಕೆಂಪು. ನನ್ನದು ಹಳದಿಗೆ ಬಂದಿತ್ತು. ಸೀಸನ್ ಮುಗಿಯಲಿ ಅಂತ ಸುಮ್ನಿದ್ದೆ. ಹತ್ತು ದಿನಕ್ಕೆ ಟಕ್ ಟಕ್ ಅಂತ ಸದ್ದು ಶುರುವಾಯಿತು, ಆಮೇಲೆ ಡಿಸ್ಕ್ ಕಾಣಿಸಲೇ ಇಲ್ಲ. ವಾರಂಟಿ ಇತ್ತು, ಹೊಸ ಡಿಸ್ಕ್ ಕೊಟ್ಟರು. ವಾರಂಟಿ ಅಂದರೆ ಡಬ್ಬಕ್ಕೆ ಮಾತ್ರ, ಒಳಗಿದ್ದ ಮದುವೆಗಳಿಗಲ್ಲ. ಇದನ್ನು ತಿಳಿಯದೆ ಡಾಟಾ ವಾಪಸ್ ಸಿಗುತ್ತದೆ ಅಂದುಕೊಂಡವರು ನನ್ನ ಗುರುತಿನಲ್ಲೇ ಇಬ್ಬರಿದ್ದಾರೆ.

ಮಾರನೇ ದಿನ ಶಿವಮೊಗ್ಗಕ್ಕೆ ಹೋಗಿ ತಂಗಿ ಮನೆಯ ಡಿಸ್ಕ್ ತಂದೆ. 1.4 ಟಿಬಿ ಹೊಸದಕ್ಕೆ ಕಾಪಿ ಆಗಲು ಸುಮಾರು ನಾಲ್ಕು ಗಂಟೆ. ಆ ನಾಲ್ಕು ಗಂಟೆ ಇದ್ದದ್ದು ಒಂದೇ ಪ್ರತಿ. ಕರೆಂಟ್ ಹೋಗದಿರಲಿ ಅಂತ ಬೇಡಿಕೊಳ್ಳುತ್ತಾ ಕೂತಿದ್ದೆ. ಒಂದೇ ಒಂದು ಫೈಲ್ ಹೋಗಲಿಲ್ಲ. ಖರ್ಚು ಬಸ್ ಚಾರ್ಜ್ ಅಷ್ಟೇ. ನಾಲ್ಕು ವರ್ಷದಲ್ಲಿ ಖರ್ಚು ಮಾಡಿದ್ದು ಪೂರ್ತಿ ಹುಟ್ಟಿತು ಅನಿಸಿದ್ದು ಅವತ್ತು.

ಡಿಸ್ಕನ್ನು ಮಳೆಗಾಲದಲ್ಲಿ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ. ಲೆನ್ಸಿಗೆ ಬೂಸ್ಟು ಬರುವ ಊರು ನಮ್ಮದು.

ಕಾಪಿ ಮಾಡಲು ಬಳಸುವುದು ಫ್ರೀಫೈಲ್‌ಸಿಂಕ್. ಉಚಿತ, ಕೆಲಸ ಚೊಕ್ಕ. ಆದರೆ ಇಲ್ಲಿ ನಾನೇ ಒಂದು ಎಡವಟ್ಟು ಮಾಡಿಕೊಂಡೆ. ಮಿರರ್ ಅನ್ನುವ ಆಯ್ಕೆ ಒತ್ತಿಟ್ಟಿದ್ದೆ. ಮಿರರ್ ಅಂದರೆ ಕನ್ನಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ತಪ್ಪು ಫೋಲ್ಡರ್ ಅಳಿಸಿದೆ, ಸಿಂಕ್ ಕೊಟ್ಟೆ, ಮನೆಯ ಡಿಸ್ಕಿನಲ್ಲೂ ಹೋಯಿತು. ಉಳಿಸಿದ್ದು ಮತ್ತೆ ಶಿವಮೊಗ್ಗವೇ, ಅದು ಆ ವಾರ ಇನ್ನೂ ಸಿಂಕ್ ಆಗಿರಲಿಲ್ಲ. ಅವತ್ತೇ ವರ್ಷನಿಂಗ್ ಆನ್ ಮಾಡಿದೆ. ಈಗ ಅಳಿಸಿದ ಫೈಲ್ ಬೇರೆ ಫೋಲ್ಡರಿಗೆ ಹೋಗಿ ಕೂರುತ್ತದೆ. ಗೂಗಲ್ ಫೋಟೋಸ್ ಕೂಡ ಹೀಗೇ. ಬ್ಯಾಕಪ್ ಆದ ಫೋಟೋವನ್ನು ಆ್ಯಪ್‌ನಲ್ಲಿ ಅಳಿಸಿದರೆ ಕ್ಲೌಡಿನಿಂದಲೂ ಹೋಗುತ್ತದೆ, 60 ದಿನ ಕಸದ ಬುಟ್ಟಿಯಲ್ಲಿರುತ್ತದೆ, ಆಮೇಲೆ ಇಲ್ಲ. ಅದೂ ಕನ್ನಡಿಯೇ.

ಬ್ಯಾಗ್ ಕಳೆದಾಗ ಇನ್ನೊಂದು ಸಂಕಟ ಇತ್ತು, ಯಾರಿಗೂ ಹೇಳಿರಲಿಲ್ಲ. ಅದರಲ್ಲಿದ್ದ ಬ್ಯಾಕಪ್ ಡಿಸ್ಕಿನಲ್ಲಿ ಹಳೆಯ ಕೆಲಸಗಳೂ ಇದ್ದವು. ಎಷ್ಟೋ ಮನೆಯ ಹೆಣ್ಣುಮಕ್ಕಳ ಫೋಟೋ, ಬೀಗ ಇಲ್ಲದೆ, ಯಾರೋ ಗೊತ್ತಿಲ್ಲದವನ ಕೈಯಲ್ಲಿ. ಅದಕ್ಕೇ ಹೊಸ ಲ್ಯಾಪ್‌ಟಾಪಿಗೆ ವಿಂಡೋಸ್ ಪ್ರೊ ಹಾಕಿಸಿ ಎರಡೂ ಡಿಸ್ಕಿಗೆ ಬಿಟ್‌ಲಾಕರ್ ಅನ್ನುವ ಪಾಸ್‌ವರ್ಡ್ ಬೀಗ ಹಾಕಿದೆ. ಹೋಮ್ ಆವೃತ್ತಿಯಲ್ಲಿ ಹೀಗೆ ಬೀಗ ಹಾಕಿದ ಡಿಸ್ಕ್ ತೆರೆಯಬಹುದು, ಹೊಸದಾಗಿ ಬೀಗ ಹಾಕಲು ಬರುವುದಿಲ್ಲ. ಪ್ರೊ ಬೇಡ ಅನ್ನುವವರಿಗೆ ವೆರಾಕ್ರಿಪ್ಟ್ ಇದೆ, ಉಚಿತ. ಬೀಗ ಹಾಕಿದ ಮೇಲೆ ಡಿಸ್ಕ್ ನಿಧಾನ ಆಯಿತು ಅಂತ ನನಗಂತೂ ಅನಿಸಲಿಲ್ಲ. ತೊಂದರೆ ಒಂದೇ. ಎಡಿಟ್ ಮಾಡುವ ಗೆಳೆಯನ ಹತ್ತಿರ ಮ್ಯಾಕ್ ಇದೆ, ಬೇರೆ ಸಾಫ್ಟ್‌ವೇರ್ ಇಲ್ಲದೆ ಅದು ಬಿಟ್‌ಲಾಕರ್ ತೆರೆಯುವುದಿಲ್ಲ. ಅವನಿಗೆ ಕೊಡಲು ಬೇರೆ ಪೆನ್‌ಡ್ರೈವ್ ಇಟ್ಟಿದ್ದೇನೆ.

ಬಿಟ್‌ಲಾಕರ್ ಹಾಕಿದಾಗ 48 ಅಂಕಿಯ ರಿಕವರಿ ಕೀ ಕೊಡುತ್ತದೆ. ಪಾಸ್‌ವರ್ಡ್ ಮರೆತು, ಈ ಕೀಯೂ ಕಳೆದರೆ ಡಿಸ್ಕ್ ಕಲ್ಲು. ಕಳ್ಳನಿಗೂ ಇಲ್ಲ, ನಮಗೂ ಇಲ್ಲ. ಅದನ್ನು ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿನಲ್ಲಿ ಸೇವ್ ಮಾಡಿ ಇಡುವ ಪುಣ್ಯಾತ್ಮರಿದ್ದಾರೆ! ನಾನು ಪ್ರಿಂಟ್ ತೆಗೆದು ಪಹಣಿ, ತೋಟದ ಕಾಗದ ಇರುವ ಕವರಿಗೆ ಸೇರಿಸಿದ್ದೇನೆ. ನಮ್ಮ ಮನೆಯಲ್ಲಿ ಏನೇ ಕಳೆದರೂ ಆ ಕವರ್ ಕಳೆಯುವುದಿಲ್ಲ.

ಈಗ ಟ್ಯಾಗಿನ ವಿಷಯ, ಅಂದರೆ ಬ್ಯಾಗಿಗೋ ಕೀಗೋ ಸಿಕ್ಕಿಸಿಟ್ಟರೆ ಅದು ಎಲ್ಲಿದೆ ಅಂತ ಫೋನಿನಲ್ಲಿ ತೋರಿಸುವ ಸಣ್ಣ ಬಿಲ್ಲೆ. ಎಲ್ಲರೂ ಕೇಳುವುದು ಇದನ್ನೇ, ನಾನು ಕಡಿಮೆ ಅಂಕ ಕೊಡುವುದೂ ಇದಕ್ಕೇ. ಮೊದಲು ಕೊಂಡಿದ್ದು ಒಂದು ಅಗ್ಗದ ಟ್ರ್ಯಾಕರ್. ಅದು ಹುಡುಕುವುದು ಅದೇ ಕಂಪನಿಯ ಆ್ಯಪ್ ಹಾಕಿಕೊಂಡವರ ಫೋನಿನ ಮೂಲಕ. ನಮ್ಮ ತಾಲೂಕಿನಲ್ಲಿ ಆ ಆ್ಯಪ್ ಇದ್ದದ್ದು ನನ್ನ ಒಬ್ಬನ ಹತ್ತಿರ ಅಂತ ಕಾಣುತ್ತದೆ. ಮನೆಯೊಳಗೆ ಬೈಕಿನ ಕೀ ಹುಡುಕಲು ಸರಿ. ಅಷ್ಟಕ್ಕೇ ಅದರ ಜನ್ಮ ಮುಗಿಯಿತು.

ಆಮೇಲೆ ಸೆಕೆಂಡ್ ಹ್ಯಾಂಡ್ ಐಫೋನ್ ತೆಗೆದುಕೊಂಡೆ, ಜೊತೆಗೆ ಏರ್‌ಟ್ಯಾಗ್. 2021ರ ಏಪ್ರಿಲ್‌ನಲ್ಲಿ ಆಪಲ್ ಇದನ್ನು ತಂದಾಗ ಬೆಲೆ ಭಾರತದಲ್ಲಿ 3,190 ರೂಪಾಯಿ. ಇದರೊಳಗೆ ಜಿಪಿಎಸ್ ಇಲ್ಲ, ಸಿಮ್ ಇಲ್ಲ. ಬ್ಲೂಟೂತ್ ಸಂಕೇತ ಬಿಡುತ್ತಾ ಇರುತ್ತದೆ. ಹತ್ತಿರ ಹೋಗುವ ಯಾರದೋ ಐಫೋನ್ ಅದನ್ನು ಕೇಳಿಸಿಕೊಂಡು ಜಾಗ ಎಲ್ಲಿ ಅಂತ ಸದ್ದಿಲ್ಲದೆ ಕಳಿಸುತ್ತದೆ. ಹಾಗಾಗಿ ಜನ ಇದ್ದಲ್ಲಿ ಟ್ಯಾಗ್ ಜಾಣ. ಶಿವಮೊಗ್ಗದ ಒಂದು ಕಲ್ಯಾಣ ಮಂಟಪದಲ್ಲಿ ಲೈಟಿನ ಬ್ಯಾಗ್ ಮರೆತು ಬಂದಿದ್ದೆ. ಅರ್ಧ ದಾರಿಯಲ್ಲಿ ನೋಡಿದರೆ ಮಂಟಪದಲ್ಲೇ ಇದೆ ಅಂತ ತೋರಿಸಿತು. ಅಡುಗೆಯವರು ಉಗ್ರಾಣದಲ್ಲಿ ಎತ್ತಿಟ್ಟಿದ್ದರು. ಆದರೆ ತೋಟದ ಮಧ್ಯೆ ಒಂಟಿ ಮನೆ ಇರುವ ಕಡೆ ಯಾರ ಫೋನ್ ಹಾದುಹೋಗಬೇಕು? ಅದು ಟ್ಯಾಗಿನ ತಪ್ಪಲ್ಲ, ನಮ್ಮ ಊರು ಇರುವುದೇ ಹಾಗೆ. ಗೂಗಲ್ ಕೂಡ 2024ರಲ್ಲಿ ಆಂಡ್ರಾಯ್ಡ್ ಫೋನ್‌ಗಳ ಇಂಥದ್ದೇ ಜಾಲ ಶುರು ಮಾಡಿದೆ. ಈಗ ಅದರ ಹೆಸರು ಫೈಂಡ್ ಹಬ್. ನಮ್ಮ ಕಡೆ ಆಂಡ್ರಾಯ್ಡ್ ಜಾಸ್ತಿ, ಹೊಸದಾಗಿ ಕೊಳ್ಳುವವರು ಅದಕ್ಕೆ ಹೊಂದುವ ಟ್ಯಾಗ್ ನೋಡಬಹುದು.

ಕಳ್ಳನನ್ನು ಹಿಡಿಯಲು ಟ್ಯಾಗ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗೊತ್ತಿಲ್ಲದ ಟ್ಯಾಗ್ ಜೊತೆಗೇ ಬರುತ್ತಿದ್ದರೆ ಫೋನ್ ಎಚ್ಚರಿಕೆ ಕೊಡುತ್ತದೆ. ಹೆಂಗಸರನ್ನು ಹಿಂಬಾಲಿಸಲು ಯಾರೂ ಬಳಸದಿರಲಿ ಅಂತ ಮಾಡಿದ ಒಳ್ಳೆಯ ಏರ್ಪಾಟು ಅದು. ಆದರೆ ಆ ಎಚ್ಚರಿಕೆ ಕಳ್ಳನ ಫೋನಿಗೂ ಹೋಗುತ್ತದೆ. ಮರೆತದ್ದಕ್ಕೆ ಟ್ಯಾಗ್, ಕದ್ದದ್ದಕ್ಕೆ ಅಲ್ಲ.

ಬ್ಯಾಟರಿ ಸಿಆರ್2032, ಒಂದು ವರ್ಷದ ಮೇಲೆ ಬರುತ್ತದೆ. ಬದಲಿಸಿದಾಗ ಹೊಸ ಬ್ಯಾಟರಿ ಹಾಕಿದರೂ ಟ್ಯಾಗ್ ಎದ್ದೇಳಲಿಲ್ಲ. ಟ್ಯಾಗೇ ಸತ್ತಿತು ಅಂದುಕೊಂಡೆ. ಮಕ್ಕಳು ನುಂಗದಿರಲಿ ಅಂತ ಕೆಲವು ಬ್ಯಾಟರಿಗೆ ಕಹಿ ಲೇಪನ ಇರುತ್ತದೆ, ಅಂಥವು ಇದರಲ್ಲಿ ಕೆಲಸ ಮಾಡದೇ ಇರಬಹುದು ಅಂತ ಆಪಲ್ ತಾನೇ ಹೇಳಿದೆ. ಲೇಪನ ಇಲ್ಲದ್ದು ತಂದು ಹಾಕಿದೆ, ಎದ್ದಿತು.

ಕ್ಲೌಡ್ ಬಗ್ಗೆ ಬೇಗ ಮುಗಿಸುತ್ತೇನೆ. ಗೂಗಲ್ ಒನ್‌ನ 100 ಜಿಬಿ ಪ್ಲಾನ್, ನಾನು ಸೇರಿದಾಗ ವರ್ಷಕ್ಕೆ 1,300 ರೂಪಾಯಿ. ಉಚಿತವಾಗಿ ಸಿಗುವ 15 ಜಿಬಿ ನಮ್ಮಂಥವರಿಗೆ ಒಂದು ನಿಶ್ಚಿತಾರ್ಥಕ್ಕೂ ಸಾಲದು. ಆದರೆ 4ಕೆ ವಿಡಿಯೋವನ್ನು ಕ್ಲೌಡಿಗೆ ಹಾಕುತ್ತೇನೆ ಅನ್ನುವುದು ಕನಸು. ನನ್ನ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಬರೆಯುತ್ತದೆ, ಅಂದರೆ ಗಂಟೆಗೆ 45 ಜಿಬಿ. ಎಂಟು ಗಂಟೆಯ ಮದುವೆಗೆ 360 ಜಿಬಿ. 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಅದು ಹೋಗಲು 40 ಗಂಟೆ ಬೇಕು, ಅದೂ ಕರೆಂಟ್ ಮತ್ತು ನೆಟ್ ಎರಡೂ ಒಂದು ಕ್ಷಣ ಹೋಗದಿದ್ದರೆ. ನಮ್ಮ ಕಡೆ ಜೂನ್‌ನಲ್ಲಿ ಇದನ್ನು ಹೇಳಿದರೆ ಜನ ನಗುತ್ತಾರೆ. ಹಾಗಾಗಿ ಕ್ಲೌಡಿಗೆ ಹೋಗುವುದು ಕೊನೆಯ ಆಲ್ಬಮ್, ಆಯ್ದ ಫೋಟೋ, ಬಿಲ್ಲು, ಎಡಿಟ್ ಪ್ರಾಜೆಕ್ಟ್ ಫೈಲ್ ಮಾತ್ರ. ಮೂಲ ವಿಡಿಯೋ ಡಿಸ್ಕಿನಲ್ಲೇ.

ಕ್ಲೌಡ್ ನಿಜವಾಗಿ ಉಪಕಾರಕ್ಕೆ ಬಂದದ್ದು ನನಗಲ್ಲ, ಅಪ್ಪಯ್ಯನಿಗೆ. 2024ರಲ್ಲಿ ಸಂತೆಯಲ್ಲಿ ಅವರ ಆಂಡ್ರಾಯ್ಡ್ ಫೋನ್ ಹೋಯಿತು. ಫೋನಿಗಿಂತ ಅವರಿಗೆ ಚಿಂತೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ನಂಬರಿನದ್ದು. ಕೊಯ್ಲಿನ ಹೊತ್ತಿನಲ್ಲಿ ಅವನ ನಂಬರ್ ಕಳೆದುಕೊಂಡರೆ ಕೊನೆ ಮರದಲ್ಲೇ ಉಳಿಯಬೇಕು. ಮೊದಲು ಸಿಮ್ ಬಂದ್ ಮಾಡಿಸಿ ಡೂಪ್ಲಿಕೇಟ್ ತಂದೆವು, ಬ್ಯಾಂಕಿನ ಒಟಿಪಿ ಎಲ್ಲ ಅದಕ್ಕೇ ಬರುವುದು ತಾನೇ. ಕರ್ನಾಟಕ ಪೊಲೀಸರ ಇ-ಲಾಸ್ಟ್‌ನಲ್ಲಿ ಕಳೆದುಹೋದ ವರದಿ ಕೊಟ್ಟೆವು. ಆ ಪ್ರತಿ ಮತ್ತು ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನ್ ಬ್ಲಾಕ್ ಮಾಡಿಸಿದೆವು. ಇದು 2023ರ ಮೇ ತಿಂಗಳಿಂದ ಇದೆ. ಐಎಂಇಐ ಎಲ್ಲಿಂದ ತರುವುದು? ಫೋನಿನ ಡಬ್ಬಿಯ ಮೇಲಿರುತ್ತದೆ, ಅಮ್ಮ ಅದರಲ್ಲಿ ಗುಂಡಿ, ಸೂಜಿ ಹಾಕಿಟ್ಟಿದ್ದರು, ಬಚಾವ್. ಈಗಲೇ *#06# ಒತ್ತಿ ನೋಡಿ ಬರೆದಿಡಿ. ಫೋನ್ ಹೋದ ಮೇಲೆ ಒತ್ತಲು ಫೋನೇ ಇರುವುದಿಲ್ಲ ಅಲ್ವಾ.

ಹೊಸ ಫೋನಿಗೆ ಅವರ ಗೂಗಲ್ ಖಾತೆ ಹಾಕಿದ ತಕ್ಷಣ ನಂಬರುಗಳೆಲ್ಲ ಬಂದವು. ಹಳೆಯ ಫೋನ್ ಇನ್ನೂ ಸಿಕ್ಕಿಲ್ಲ. ಅಪ್ಪಯ್ಯ ಅದನ್ನು ಕೇಳುವುದನ್ನೂ ಬಿಟ್ಟಿದ್ದಾರೆ. ಅವತ್ತಿನಿಂದ ಮನೆಯವರೆಲ್ಲರ ಗೂಗಲ್ ಖಾತೆಯ ಬ್ಯಾಕಪ್ ಕೋಡ್‌ಗಳನ್ನೂ ಪ್ರಿಂಟ್ ತೆಗೆದೆ. ಎಂಟೆಂಟು ಅಂಕಿಯ ಹತ್ತು ಕೋಡ್. ಒಟಿಪಿ ಬರುವ ಫೋನೇ ಹೋದಾಗ ಒಳಗೆ ಹೋಗಲು ಅವೇ ದಾರಿ. ಅವೂ ಪಹಣಿ ಕವರಿನಲ್ಲಿವೆ. ಕವರ್ ದಪ್ಪ ಆಗುತ್ತಿದೆ.

ಆರು ತಿಂಗಳಿಗೊಮ್ಮೆ ಹಳೆಯ ಫೋಲ್ಡರ್ ಯಾವುದಾದರೂ ಒಂದು ತೆರೆದು ನೋಡುತ್ತೇನೆ. ಹೀಗೆ ನೋಡುವಾಗ ಚಿಕ್ಕಪ್ಪನ ಡಿಟಿಪಿ ಅಂಗಡಿಯ ಹಳೆಯ ಫೈಲ್ ಸಿಕ್ಕವು. ಲಗ್ನಪತ್ರಿಕೆ, ಸಂಘದ ವರದಿ, ಎಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ. ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫೈಲ್ ಗಟ್ಟಿಯಾಗಿದೆ, ಫಾಂಟ್ ಇಲ್ಲ. ಫಾಂಟ್ ಹುಡುಕಿ ಹಾಕಿ, ಕನ್ವರ್ಟರ್‌ನಲ್ಲಿ, ಆ ಫಾಂಟ್ ಇಲ್ಲದೆಯೂ ಓದಲು ಬರುವ ಯುನಿಕೋಡ್ ಮಾಡಿ ಇಡಲು ಒಂದು ಭಾನುವಾರ ಪೂರ್ತಿ ಬೇಕಾಯಿತು. ಡಿಟಿಪಿಯವರು ಯಾರಾದರೂ ಓದುತ್ತಿದ್ದರೆ, ಫೈಲಿನ ಜೊತೆ ಫಾಂಟನ್ನೂ ಬ್ಯಾಕಪ್ ಮಾಡಿ.

ಮತ್ತೆ ಕೊಳ್ಳುವುದಾದರೆ? ಎರಡು ಡಿಸ್ಕ್, ಕಣ್ಣು ಮುಚ್ಚಿ ಕೊಳ್ಳುತ್ತೇನೆ. ಎರಡು ಕಾರ್ಡ್ ಸ್ಲಾಟ್ ಇರುವ ಕ್ಯಾಮೆರಾ, ಸಾಲ ಮಾಡಿಯಾದರೂ. ಒಂದು ಕಾರ್ಡ್ ಕೈಕೊಟ್ಟರೂ ಇನ್ನೊಂದರಲ್ಲಿ ಮದುವೆ ಇರುತ್ತದೆ. ಈಗ ಛತ್ರದಿಂದ ಹೊರಡುವಾಗ ಒಂದು ಕಾರ್ಡ್ ಬ್ಯಾಗಿಗೆ, ಇನ್ನೊಂದು ಪ್ಯಾಂಟಿನ ಒಳಜೇಬಿಗೆ. 100 ಜಿಬಿ ಕ್ಲೌಡ್ ಇರಲಿ. ಟ್ಯಾಗ್ ದುಡ್ಡಿದ್ದರೆ ಸರಿ, ಇಲ್ಲದಿದ್ದರೂ ನಷ್ಟವಿಲ್ಲ. ಅಗ್ಗದ ಟ್ರ್ಯಾಕರ್ ಯಾರಿಗಾದರೂ ಬೇಕಾದರೆ ಹೇಳಿ, ಸುಮ್ನೆ ಕೊಡುತ್ತೇನೆ.

ನಾಸ್ (ನೆಟ್ ಮೂಲಕ ಬಳಸುವ ಡಿಸ್ಕ್ ಪೆಟ್ಟಿಗೆ) ಹಾಕಿಸು, ಡಿಸ್ಕ್ ಹೊತ್ತುಕೊಂಡು ಓಡಾಡುವುದು ತಪ್ಪುತ್ತದೆ ಅಂತ ಬೆಂಗಳೂರಿನ ಗೆಳೆಯರು ಹೇಳುತ್ತಲೇ ಇರುತ್ತಾರೆ. ಅದು ಹಗಲೂ ರಾತ್ರಿ ಕರೆಂಟಿಗೆ, ನೆಟ್ಟಿಗೆ ಸಿಕ್ಕಿಸಿಕೊಂಡೇ ಇರಬೇಕಾದ ಪೆಟ್ಟಿಗೆ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಸಿಡಿಲಿಗೆ ನಮ್ಮ ಮನೆಯ ರೂಟರ್ ಈಗಾಗಲೇ ಎರಡು ಸಲ ಸುಟ್ಟಿದೆ. ಗುಡುಗು ಶುರುವಾದರೆ ಅಮ್ಮ ಮೊದಲು ಟಿವಿ ಪ್ಲಗ್ ಕೀಳುತ್ತಾರೆ, ಆಮೇಲೆ ನನ್ನ ಕೋಣೆಗೆ ಬರುತ್ತಾರೆ. ನಾಸ್ ಸದ್ಯಕ್ಕೆ ಬೇಡ.